ಫೆಟ್ ಸಿಮ್ಯುಲೇಶನ್‌ಗಳು: ಘರ್ಷಣೆಗೂ ಗುರುತ್ವಕ್ಕೂ ಒಂದೊಂದು ಸ್ವಿಚ್

ಮೊದಲೇ ಹೇಳಿಬಿಡುತ್ತೇನೆ. ಒಂದು ಕಲ್ಲು, ಒಂದು ದಾರ ಇಟ್ಟುಕೊಂಡು ಮಾಡಬಹುದಾದ ಪ್ರಯೋಗವನ್ನು ಕಂಪ್ಯೂಟರ್ ಪರದೆಯ ಮೇಲೆ ತೋರಿಸುವುದು ನನಗೆ ಇಷ್ಟವಿಲ್ಲ. ಹಾಗಿದ್ದರೂ ಫೆಟ್ (PhET) ಅನ್ನುವ ವೆಬ್‌ಸೈಟಿನ ಸಿಮ್ಯುಲೇಶನ್‌ಗಳ, ಅಂದರೆ ಪರದೆಯ ಮೇಲೆ ನಾವೇ ಬದಲಿಸಿ ನೋಡಬಹುದಾದ ಪ್ರಯೋಗಗಳ, ಬಗ್ಗೆ ಇಷ್ಟುದ್ದ ಬರೆಯುತ್ತಿದ್ದೇನೆ ಅಂದರೆ ಅದಕ್ಕೆ ಕಾರಣ ಇದೆ. ಕಲ್ಲು ದಾರದಲ್ಲಿ ಯಾವತ್ತೂ ಆಗದ ಕೆಲಸ ಒಂದಿದೆ, ಅದನ್ನು ಇದು ಚೆನ್ನಾಗಿ ಮಾಡುತ್ತದೆ.

ಭೌತಶಾಸ್ತ್ರದ ಯಾವ ಪುಸ್ತಕ ತೆಗೆದರೂ ಅರ್ಧ ಲೆಕ್ಕಗಳಲ್ಲಿ ಒಂದು ಷರತ್ತು ಇರುತ್ತದೆ. ಘರ್ಷಣೆ ಇಲ್ಲ ಅಂದುಕೊಳ್ಳಿ, ಗಾಳಿಯ ತಡೆ ಇಲ್ಲ ಅಂದುಕೊಳ್ಳಿ. ಮಕ್ಕಳು ಪಾಪ ಅಂದುಕೊಳ್ಳುತ್ತಾರೆ, ಲೆಕ್ಕ ಮಾಡುತ್ತಾರೆ, ಅಂಕವೂ ಬರುತ್ತದೆ. ಆದರೆ ಅಂಥ ಜಗತ್ತು ಹೇಗಿರುತ್ತದೆ ಅಂತ ಒಬ್ಬರೂ ನೋಡಿರುವುದಿಲ್ಲ. ನಾವೂ ನೋಡಿಲ್ಲ. ಫೆಟ್‌ನಲ್ಲಿ ಘರ್ಷಣೆಗೆ ಒಂದು ಸ್ಲೈಡರ್ ಇದೆ, ಗಾಳಿಯ ತಡೆಗೆ ಒಂದು ಟಿಕ್ ಬಾಕ್ಸ್ ಇದೆ, ಗುರುತ್ವಾಕರ್ಷಣೆಗೆ ಆನ್-ಆಫ್ ಬಟನ್ ಇದೆ. ಈ ಒಂದು ಅನುಕೂಲಕ್ಕೆ ನಾನು ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ, ಉಳಿದ ವಿಷಯದಲ್ಲಿ ಸ್ವಲ್ಪ ಜಿಪುಣತನ ಮಾಡುತ್ತೇನೆ.

ಗೊತ್ತಿಲ್ಲದವರಿಗೆ: ಇದು ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದ ಯೋಜನೆ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರಾದ ಕಾರ್ಲ್ ವೀಮನ್ ಮರುವರ್ಷವೇ, ಅಂದರೆ 2002ರಲ್ಲಿ, ಇದನ್ನು ಶುರು ಮಾಡಿದರು. ವೆಬ್‌ಸೈಟಿನಲ್ಲಿ ಎಲ್ಲವೂ ಉಚಿತ. ಲಾಗಿನ್ ಇಲ್ಲ, ಓಟಿಪಿ ಇಲ್ಲ, ‘ಡೆಮೋ ಕ್ಲಾಸ್ ಬುಕ್ ಮಾಡಿ ಮೇಡಂ’ ಅಂತ ಸಂಜೆ ಫೋನ್ ಬರುವುದಿಲ್ಲ. ನಾನು ಸಂಜೆ ಹೊತ್ತು ಹೈಸ್ಕೂಲು ಮತ್ತು ಪಿಯು ಮಕ್ಕಳಿಗೆ ಪಾಠ ಹೇಳುವವಳು. ಇಲ್ಲಿ ಬರೆದಿರುವುದು ಆ ಮಕ್ಕಳ ಜೊತೆ ಬಳಸಿ ನೋಡಿ ಅನ್ನಿಸಿದ್ದು. ಚಲನೆ, ಶಕ್ತಿ, ಗುರುತ್ವ ಈ ಮೂರಕ್ಕೆ ಸೇರಿದವನ್ನು ಮಾತ್ರ ತೆಗೆದುಕೊಂಡಿದ್ದೇನೆ. ರಸಾಯನಶಾಸ್ತ್ರ, ಗಣಿತದವೂ ಬೇಕಾದಷ್ಟಿವೆ, ಅವು ನನ್ನ ಹೊಲ ಅಲ್ಲ.

ಎಲ್ಲಕ್ಕಿಂತ ಒಳ್ಳೆಯದು ‘ಎನರ್ಜಿ ಸ್ಕೇಟ್ ಪಾರ್ಕ್’. ಯು ಆಕಾರದ ಒಂದು ಹಳಿ, ಅದರ ಮೇಲೆ ಸ್ಕೇಟ್‌ಬೋರ್ಡ್ ಹತ್ತಿದ ಒಬ್ಬಳು ಹುಡುಗಿ. ಎತ್ತರಕ್ಕೆ ಎಳೆದು ಬಿಟ್ಟರೆ ಆ ಕಡೆ ಈ ಕಡೆ ಜಾರುತ್ತಾಳೆ. ಪಕ್ಕದಲ್ಲಿ ಬಾರ್ ಗ್ರಾಫ್ ಹಾಕಿಕೊಂಡರೆ ಚಲನ ಶಕ್ತಿ (ಓಟದಿಂದ ಬರುವುದು), ಪ್ರಚ್ಛನ್ನ ಶಕ್ತಿ (ಎತ್ತರದಿಂದ ಬರುವುದು), ಉಷ್ಣ, ಒಟ್ಟು ಶಕ್ತಿ ನಾಲ್ಕೂ ಒಟ್ಟಿಗೆ ಕಾಣುತ್ತವೆ, ಮೊದಲ ಮೂರು ಏರಿಳಿಯುತ್ತವೆ. ಒಟ್ಟು ಶಕ್ತಿಯ ಕಂಬ ಮಾತ್ರ ಅಲ್ಲಾಡುವುದೇ ಇಲ್ಲ. ಶಕ್ತಿ ಸಂರಕ್ಷಣೆಯ ನಿಯಮವನ್ನು ನೂರು ಸಲ ಬಾಯಿಪಾಠ ಮಾಡಿಸುವುದಕ್ಕಿಂತ ಆ ಅಲ್ಲಾಡದ ಕಂಬವನ್ನು ಎರಡು ನಿಮಿಷ ನೋಡುವುದು ವಾಸಿ.

ಆದರೆ ಸುಮ್ನೆ ತೆರೆದು ಮಕ್ಕಳ ಕೈಗೆ ಕೊಟ್ಟರೆ ಏನೂ ಆಗುವುದಿಲ್ಲ. ಐದು ನಿಮಿಷ ಹುಡುಗಿಯನ್ನು ಎತ್ತಿ ಎತ್ತಿ ಬೀಳಿಸುತ್ತಾರೆ, ನಗುತ್ತಾರೆ, ಅಷ್ಟೇ. ಮೊದಲು ಪ್ರಶ್ನೆ ಕೇಳಬೇಕು, ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆಸಬೇಕು, ಆಮೇಲೆ ಪ್ಲೇ ಒತ್ತಬೇಕು. ನಾನು ಕೇಳುವ ಪ್ರಶ್ನೆ ಇದು: ಇದೇ ಹಳಿಯನ್ನು ಚಂದ್ರನ ಮೇಲೆ ಇಟ್ಟು, ಇದೇ ಎತ್ತರದಿಂದ ಬಿಟ್ಟರೆ ಆ ಕಡೆ ಎಷ್ಟು ಎತ್ತರ ಹತ್ತುತ್ತಾಳೆ? ಬಹುತೇಕ ಎಲ್ಲರೂ ‘ಜಾಸ್ತಿ ಮಿಸ್, ಅಲ್ಲಿ ಗುರುತ್ವ ಕಡಿಮೆ ಅಲ್ವಾ’ ಅನ್ನುತ್ತಾರೆ. ಗುರು ಗ್ರಹದಲ್ಲಿ? ‘ಅರ್ಧಕ್ಕೇ ನಿಲ್ತಾಳೆ.’ ಈಗ ಘರ್ಷಣೆಯನ್ನು ಸೊನ್ನೆಗೆ ಎಳೆದು, ಗುರುತ್ವವನ್ನು ಭೂಮಿ, ಚಂದ್ರ, ಗುರು ಅಂತ ಬದಲಿಸುತ್ತಾ ಬಿಡಿ. ಮೂರೂ ಕಡೆ ಅದೇ ಎತ್ತರ! ಬದಲಾಗುವುದು ವೇಗ ಮಾತ್ರ. 5 ಮೀಟರ್ ಎತ್ತರದಿಂದ ಬಿಟ್ಟರೆ ಕೆಳಗಿನ ಬಿಂದುವಿನಲ್ಲಿ ಭೂಮಿಯ ಮೇಲೆ ಸೆಕೆಂಡಿಗೆ ಸುಮಾರು 9.9 ಮೀಟರ್, ಚಂದ್ರನಲ್ಲಿ 4 ಮೀಟರ್, ಗುರುವಿನಲ್ಲಿ 15.7 ಮೀಟರ್. ಇಳಿಯುವಾಗ ಕಡಿಮೆ ಕೊಟ್ಟ ಚಂದ್ರ ಹತ್ತುವಾಗ ಕಡಿಮೆಯೇ ಕೇಳುತ್ತದೆ, ಜಾಸ್ತಿ ಕೊಟ್ಟ ಗುರು ಜಾಸ್ತಿಯೇ ವಸೂಲಿ ಮಾಡುತ್ತದೆ. ಹುಡುಗಿಯ ತೂಕವನ್ನು ಹೆಚ್ಚು ಕಡಿಮೆ ಮಾಡಿ ನೋಡಿ, ವೇಗ ಬದಲಾಗುವುದಿಲ್ಲ, ಶಕ್ತಿಯ ಕಂಬಗಳು ಮಾತ್ರ ಉದ್ದವಾಗುತ್ತವೆ. ಇದನ್ನು ಯಾವ ಶಾಲೆಯ ಲ್ಯಾಬಿನಲ್ಲಿ ತೋರಿಸುತ್ತೀರಿ ಹೇಳಿ?

ಆಮೇಲೆ ಘರ್ಷಣೆಯನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಪ್ರತಿ ಸಲವೂ ಎತ್ತರ ಕಡಿಮೆಯಾಗುತ್ತಾ ಹೋಗಿ ಕೊನೆಗೆ ಹುಡುಗಿ ತಳದಲ್ಲಿ ನಿಲ್ಲುತ್ತಾಳೆ, ಉಷ್ಣದ ಕಂಬ ಮಾತ್ರ ಒಟ್ಟು ಶಕ್ತಿಯ ಕಂಬದಷ್ಟೇ ಎತ್ತರಕ್ಕೆ ಬಂದು ನಿಂತಿರುತ್ತದೆ. ಶಕ್ತಿ ‘ಖರ್ಚಾಯಿತು’ ಅನ್ನುವ ಮಕ್ಕಳಿಗೆ ಎಲ್ಲಿಗೆ ಹೋಯಿತು ಅಂತ ಬೆರಳಿಟ್ಟು ತೋರಿಸಬಹುದು. ಉಷ್ಣದ ಕಂಬವನ್ನು ಖಾಲಿ ಮಾಡಲು ಒಂದು ಕಸದ ಬುಟ್ಟಿಯ ಬಟನ್ ಇದೆ. ಅದನ್ನು ಒತ್ತಿದರೆ ಒಟ್ಟು ಶಕ್ತಿಯೂ ಕುಸಿಯುತ್ತದೆ. ಅದು ಯಾಕೆ ಅಂತ ಕೇಳುವ ಮಗು ಸಿಕ್ಕರೆ ಆ ದಿನದ ಪಾಠ ಸಾರ್ಥಕ.

ಪಿಯು ಮಕ್ಕಳಿಗೆ ಇನ್ನೊಂದು ಸೊಗಸು ಇದೆ. ಎತ್ತರ ಸೊನ್ನೆ ಎಲ್ಲಿಂದ ಅನ್ನುವ ಗೆರೆಯನ್ನೇ ಮೇಲಕ್ಕೆ ಎಳೆಯಬಹುದು. ಆಗ ಪ್ರಚ್ಛನ್ನ ಶಕ್ತಿ ಋಣ ಸಂಖ್ಯೆಯಾಗಿ ಕಂಬ ಕೆಳಮುಖವಾಗುತ್ತದೆ. ಹುಡುಗಿಯ ಓಟ ಮಾತ್ರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಕಕ್ಷೆಯ ಪಾಠದಲ್ಲಿ ಒಟ್ಟು ಶಕ್ತಿ ಯಾಕೆ ಋಣ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಇಲ್ಲೇ ಅರ್ಧ ಗಂಟು ಬಿಚ್ಚುತ್ತದೆ.

‘ಪ್ರೊಜೆಕ್ಟೈಲ್ ಮೋಷನ್’ ಮಕ್ಕಳಿಗೆ ಅಚ್ಚುಮೆಚ್ಚು. ಯಾಕೆ ಅಂತ ಕೇಳಬೇಡಿ, ಫಿರಂಗಿಯಿಂದ ಕುಂಬಳಕಾಯಿ, ಪಿಯಾನೋ, ಕಾರು, ಕೊನೆಗೆ ಮನುಷ್ಯನನ್ನೂ ಹಾರಿಸಬಹುದು. ಶಿಕ್ಷಕರಿಗೆ ಒಂದು ಕಿವಿಮಾತು: ಫಿರಂಗಿ ಎತ್ತರದ ಮೇಲೆ ನಿಂತಿದ್ದರೆ ‘45 ಡಿಗ್ರಿಯಲ್ಲಿ ಅತಿ ದೂರ’ ಅನ್ನುವ ಮಾತು ನಡೆಯುವುದಿಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆ ಕೋನವೇ ಗೆಲ್ಲುತ್ತದೆ. ಮೊದಲು ಅದನ್ನು ನೆಲಕ್ಕೆ ಇಳಿಸಿ, ಗಾಳಿಯ ತಡೆ ತೆಗೆದು, ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಹಾರಿಸಿ. 45ಕ್ಕೆ ಸುಮಾರು 23 ಮೀಟರ್. 30ಕ್ಕೂ 60ಕ್ಕೂ ಹೆಚ್ಚುಕಡಿಮೆ 20 ಮೀಟರ್, ಒಂದೇ ಜಾಗ. ಒಂದು ತಗ್ಗಿನಲ್ಲಿ ಬೇಗ ಬರುತ್ತದೆ, ಇನ್ನೊಂದು ಆಕಾಶ ನೋಡಿಕೊಂಡು ನಿಧಾನಕ್ಕೆ ಬರುತ್ತದೆ. ಈಗ ಗಾಳಿಯ ತಡೆಯನ್ನು ಆನ್ ಮಾಡಿದರೆ ಪುಸ್ತಕದ ಚಂದದ ಪ್ಯಾರಾಬೋಲಾ, ಅಂದರೆ ಎರಡೂ ಬದಿ ಸಮನಾದ ಕಮಾನು, ಕೆಡುತ್ತದೆ. ಇಳಿಯುವ ಅರ್ಧ ಹತ್ತುವ ಅರ್ಧಕ್ಕಿಂತ ಕಡಿದಾಗುತ್ತದೆ. ವೇಗ ಜಾಸ್ತಿ ಇದ್ದಷ್ಟೂ ಈ ವ್ಯತ್ಯಾಸ ಜಾಸ್ತಿ. ಬೌಂಡರಿ ಗೆರೆಯಲ್ಲಿ ಕ್ಯಾಚ್ ಹಿಡಿಯುವವನಿಗೆ ಚೆಂಡು ತಲೆಯ ಮೇಲಿಂದ ಬೀಳುತ್ತದೆ ಅನ್ನಿಸುವುದು ಇದಕ್ಕೇ ಅಂತ ಹೇಳಿದೆ, ಹಿಂದಿನ ಬೆಂಚಿನವರೂ ಎದ್ದು ಕೂತರು.

‘ಪೆಂಡುಲಮ್ ಲ್ಯಾಬ್’ಗೆ ನನ್ನ ಅಂಕ ಕಡಿಮೆ. ಅದು ಕೆಟ್ಟದ್ದು ಅಂತಲ್ಲ. ಲೋಲಕವನ್ನು ಮನೆಯಲ್ಲೇ ಮಾಡಬಹುದು, ಮಾಡಬೇಕು. ಒಂದು ಮೀಟರ್ ದಾರಕ್ಕೆ ಬೀಗ ಕಟ್ಟಿ ಬಾಗಿಲ ಚೌಕಟ್ಟಿಗೆ ತೂಗುಹಾಕಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಹತ್ತು ಸಲ ತೂಗಾಡುವಷ್ಟು ಹೊತ್ತು ಎಣಿಸಿದರೆ 20 ಸೆಕೆಂಡ್ ಆಸುಪಾಸು ಬರುತ್ತದೆ. ಆ ತಪ್ಪು-ಒಪ್ಪು, ಕೈ ನಡುಗುವುದು, ಯಾರು ಸರಿಯಾಗಿ ಎಣಿಸಿದರು ಅನ್ನುವ ಜಗಳ, ಇವೆಲ್ಲ ಸೇರಿದರೇ ಪ್ರಯೋಗ. ಪರದೆಯ ಲೋಲಕಕ್ಕೆ ಕೈ ನಡುಗುವುದಿಲ್ಲ. ಅದೇ ಉದ್ದದ ದಾರ ಚಂದ್ರನ ಮೇಲೆ ಒಂದು ಸಲ ತೂಗಲು 5 ಸೆಕೆಂಡಿನ ಹತ್ತಿರ ತೆಗೆದುಕೊಳ್ಳುತ್ತದೆ ಅಂತ ತೋರಿಸಲು ಮಾತ್ರ ನಾನು ಇದನ್ನು ತೆರೆಯುವುದು. ಹಾಂ, ಅದರಲ್ಲಿ ‘ಪ್ಲಾನೆಟ್ ಎಕ್ಸ್’ ಅಂತ ಒಂದಿದೆ, ಅಲ್ಲಿನ ಗುರುತ್ವ ಎಷ್ಟು ಅಂತ ನೀವೇ ಅಳೆದು ಕಂಡುಹಿಡಿಯಬೇಕು. ಅದೊಂದು ಒಳ್ಳೆಯ ಹೋಂವರ್ಕ್.

‘ಗ್ರಾವಿಟಿ ಫೋರ್ಸ್ ಲ್ಯಾಬ್’ ಹತ್ತು ನಿಮಿಷದ ಸರಕು. ಎರಡು ಗೋಲಗಳು, ದೂರ ಎರಡು ಪಟ್ಟಾದರೆ ಬಲ ಕಾಲು ಭಾಗ. ದೊಡ್ಡದು ಚಿಕ್ಕದನ್ನು ಎಷ್ಟು ಬಲದಿಂದ ಎಳೆಯುತ್ತದೋ ಚಿಕ್ಕದೂ ದೊಡ್ಡದನ್ನು ಅಷ್ಟೇ ಬಲದಿಂದ ಎಳೆಯುತ್ತದೆ ಅನ್ನುವುದನ್ನು ಎರಡು ಬಾಣಗಳು ಸಮ ಇರುವುದರಿಂದ ತೋರಿಸುತ್ತದೆ. ಅಷ್ಟು ಸಾಕು.

ಈಗ ‘ಗ್ರಾವಿಟಿ ಅಂಡ್ ಆರ್ಬಿಟ್ಸ್’. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಮಾತಾಡುವ ಚಟ.

ತೆರೆದ ಕೂಡಲೇ ಸೂರ್ಯ, ಭೂಮಿ ಕಾಣುತ್ತವೆ. ಬೇಕಾದರೆ ಚಂದ್ರನನ್ನೂ ಸೇರಿಸಿಕೊಳ್ಳಬಹುದು, ಇಲ್ಲವೇ ಭೂಮಿ ಮತ್ತು ಬಾಹ್ಯಾಕಾಶ ನಿಲ್ದಾಣ ಮಾತ್ರ ಇಟ್ಟುಕೊಳ್ಳಬಹುದು. ಬಲದ ಬಾಣ, ವೇಗದ ಬಾಣ, ಸಾಗಿದ ಹಾದಿ ಎಲ್ಲ ತೋರಿಸುತ್ತದೆ. ಭೂಮಿ ಸುತ್ತುತ್ತಿರುವಾಗಲೇ ಗುರುತ್ವವನ್ನು ಆಫ್ ಮಾಡಿ. ಆ ಕ್ಷಣದಿಂದ ಭೂಮಿ ನೇರ ಗೆರೆಯಲ್ಲಿ ಹೊರಟುಬಿಡುತ್ತದೆ. ಹೊರಕ್ಕೆ ಎಸೆದ ಹಾಗೆ ಸೂರ್ಯನಿಂದ ದೂರದ ದಿಕ್ಕಿಗೆ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ಹೋಗುವುದು ವೇಗದ ಬಾಣ ಎತ್ತ ಮುಖ ಮಾಡಿತ್ತೋ ಅತ್ತ.

ನನಗೆ ಇಷ್ಟವಾದ ಆಟ ಸೂರ್ಯನ ದ್ರವ್ಯರಾಶಿಯದು. ಸ್ಲೈಡರ್ ಎಳೆದು ಸೂರ್ಯನನ್ನು ಎರಡು ಪಟ್ಟು ಭಾರ ಮಾಡಿದರೆ ಭೂಮಿ ಸೂರ್ಯನೊಳಗೆ ಬಿದ್ದುಹೋಗುತ್ತದೆ ಅಂತ ಎಲ್ಲರ ಊಹೆ. ಬೀಳುವುದಿಲ್ಲ. ಉದ್ದನೆಯ ಅಂಡಾಕಾರದ ಕಕ್ಷೆ ಹಿಡಿಯುತ್ತದೆ. ಲೆಕ್ಕ ಹಾಕಿ ನೋಡಿ, ಹತ್ತಿರ ಬಂದಾಗ ಈಗಿನ ದೂರದ ಮೂರನೇ ಒಂದು ಭಾಗ, ಅಂದರೆ ಸುಮಾರು 5 ಕೋಟಿ ಕಿಲೋಮೀಟರ್, ಹೆಚ್ಚುಕಡಿಮೆ ಬುಧ ಗ್ರಹ ಇರುವಷ್ಟು ಹತ್ತಿರ. ವರ್ಷ ಸುಮಾರು 140 ದಿನಕ್ಕೇ ಮುಗಿದುಹೋಗುತ್ತದೆ. ಯುಗಾದಿಯಿಂದ ಯುಗಾದಿಗೆ ಐದು ತಿಂಗಳೂ ಇಲ್ಲ! ಸೂರ್ಯನನ್ನು ಅರ್ಧ ಮಾಡಿದರೆ? ಭೂಮಿಯ ಈಗಿನ ವೇಗವೇ ಆಗ ಸರಿಯಾಗಿ ತಪ್ಪಿಸಿಕೊಂಡು ಹೋಗುವ ವೇಗವಾಗುತ್ತದೆ, ಮತ್ತೆ ವಾಪಸು ಬರುವುದಿಲ್ಲ. ಇನ್ನು ಭೂಮಿಯ ದ್ರವ್ಯರಾಶಿಯನ್ನು ಎರಡು ಪಟ್ಟು ಮಾಡಿ. ಬಲದ ಬಾಣ ಉದ್ದವಾಗುತ್ತದೆ, ಕಕ್ಷೆ ಮಾತ್ರ ಹಾಗೇ ಇರುತ್ತದೆ. ಎಳೆತ ಎರಡು ಪಟ್ಟು, ಅಲುಗಿಸಬೇಕಾದ ಭಾರವೂ ಎರಡು ಪಟ್ಟು. ಸ್ಕೇಟ್‌ಬೋರ್ಡ್ ಹುಡುಗಿಯ ತೂಕದ ಕಥೆಯೇ ಇದು.

ಬಾಹ್ಯಾಕಾಶ ನಿಲ್ದಾಣದ ದೃಶ್ಯವನ್ನು ಬಿಡಬೇಡಿ. ‘ಮೇಲೆ ಗುರುತ್ವ ಇಲ್ಲ, ಅದಕ್ಕೇ ತೇಲ್ತಾರೆ’ ಅನ್ನುವ ನಂಬಿಕೆ ಮಕ್ಕಳಿಗಿಂತ ದೊಡ್ಡವರಲ್ಲೇ ಗಟ್ಟಿ. ಇಲ್ಲಿ ಬಲದ ಬಾಣ ಹಾಕಿದರೆ ನಿಲ್ದಾಣವನ್ನು ಭೂಮಿ ಎಳೆಯುತ್ತಲೇ ಇರುವುದು ಕಾಣುತ್ತದೆ. ನಿಜವಾದ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಅಲ್ಲಿ ಗುರುತ್ವ ನೆಲದ ಮೇಲಿನದರ ಸುಮಾರು ನೂರಕ್ಕೆ 89 ಭಾಗ ಇದೆ. ಅದು ಬೀಳುತ್ತಲೇ ಇರುತ್ತದೆ, ಆದರೆ ಪಕ್ಕಕ್ಕೆ ಅಷ್ಟು ಜೋರಾಗಿ ಓಡುತ್ತಿರುವುದರಿಂದ ನೆಲ ಸಿಗುವುದಿಲ್ಲ, ಸುಮಾರು ಒಂದೂವರೆ ಗಂಟೆಗೆ ಒಂದು ಸುತ್ತು.

ಚಂದ್ರಯಾನ-3 ಹಾರಿದಾಗ ಟಿವಿಯಲ್ಲಿ ದಿನವೂ ಅದೇ ಪ್ರಶ್ನೆ: ಅಪೊಲೊ 11 ನಾಲ್ಕು ದಿನಕ್ಕೆ ಇಳಿದಿತ್ತು, ನಮ್ಮದಕ್ಕೆ ಯಾಕೆ 40 ದಿನ? ನೇರ ಹೋಗುವಷ್ಟು ದೊಡ್ಡ ರಾಕೆಟ್ ಇಲ್ಲದಾಗ ಭೂಮಿಯನ್ನೇ ಸುತ್ತುತ್ತಾ ಕಕ್ಷೆಯನ್ನು ಹಿಗ್ಗಿಸಿಕೊಳ್ಳುವುದು ಅಂತ ಉತ್ತರ. ಬಾಯಲ್ಲಿ ಹೇಳಿದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಇಲ್ಲಿ ಮಾಡಿ ನೋಡಿ. ಭೂಮಿ-ಉಪಗ್ರಹದ ದೃಶ್ಯದಲ್ಲಿ ಹಾದಿ ತೋರಿಸುವುದನ್ನು ಆನ್ ಮಾಡಿ, ನಿಲ್ಲಿಸಿ, ವೇಗದ ಬಾಣದ ತುದಿಯನ್ನು ಹಿಡಿದು ಸ್ವಲ್ಪ ಉದ್ದ ಮಾಡಿ. ಮತ್ತೆ ಬಿಟ್ಟರೆ ಕಕ್ಷೆಯ ಎದುರು ಬದಿ ದೂರಕ್ಕೆ ಹಿಗ್ಗುತ್ತದೆ, ತಳ್ಳಿದ ಜಾಗಕ್ಕೆ ಮಾತ್ರ ಅದು ಮತ್ತೆ ವಾಪಸು ಬರುತ್ತದೆ. ಬಂದಾಗ ಮತ್ತೊಂದು ಸಣ್ಣ ತಳ್ಳು. ಚಂದ್ರಯಾನ-3 ಮಾಡಿದ್ದೂ ಇದೇ. 2023ರ ಜುಲೈ 14ರಂದು ಸುಮಾರು 170ರಿಂದ 36,500 ಕಿಲೋಮೀಟರ್ ನಡುವಿನ ಕಕ್ಷೆ, ಜುಲೈ 25ರ ಹೊತ್ತಿಗೆ 236ರಿಂದ 1 ಲಕ್ಷ 27 ಸಾವಿರ ಕಿಲೋಮೀಟರ್. ಹತ್ತಿರದ ತುದಿ ಹೆಚ್ಚುಕಡಿಮೆ ಅಲ್ಲೇ, ದೂರದ ತುದಿ ಎಲ್ಲೋ! ಆಗಸ್ಟ್ 1ಕ್ಕೆ ಚಂದ್ರನ ದಾರಿ, 23ಕ್ಕೆ ಇಳಿದದ್ದು. ಆ ಸೂಚನೆಗಳೆಲ್ಲ ಹೋದದ್ದು ನಮ್ಮ ಬೆಂಗಳೂರಿನ ಇಸ್ಟ್ರ್ಯಾಕ್‌ನಿಂದ, ಅಂದರೆ ನೌಕೆಗಳ ಜಾಡು ಹಿಡಿದು ಆದೇಶ ಕಳಿಸುವ ಇಸ್ರೋ ಕೇಂದ್ರದಿಂದ. ಈ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ಪಕ್ಕದಲ್ಲಿ ಬಾಣ ಎಳೆಯುತ್ತಾ ತೋರಿಸಿದ ಮೇಲೆ ಮಕ್ಕಳು ಮುಂದಿನ ಪ್ರಶ್ನೆಯನ್ನು ತಾವೇ ಕೇಳುತ್ತಾರೆ: ದೂರದ ತುದಿಯಲ್ಲಿ ತಳ್ಳಿದರೆ ಏನಾಗುತ್ತದೆ ಮಿಸ್?

ಇಂಧನ ಎಷ್ಟು ಖರ್ಚಾಯಿತು ಅನ್ನುವ ಲೆಕ್ಕ ಇದರಲ್ಲಿ ಇಲ್ಲ, ಅದು ನನಗೆ ಕೊರತೆಯೇ. ಇನ್ನೊಂದು ದೊಡ್ಡ ಎಚ್ಚರಿಕೆ: ಮೊದಲ ಪರದೆಯಲ್ಲಿ ಗಾತ್ರಗಳು ಸುಳ್ಳು. ಸೂರ್ಯನನ್ನೂ ಭೂಮಿಯನ್ನೂ ಕಣ್ಣಿಗೆ ಕಾಣಲಿ ಅಂತ ಉಬ್ಬಿಸಿ ಹತ್ತಿರ ಕೂರಿಸಿದ್ದಾರೆ. ಮಕ್ಕಳ ಮನಸ್ಸಿನಲ್ಲಿ ಅದೇ ಚಿತ್ರ ಕೂತುಬಿಡುತ್ತದೆ. ಅದಕ್ಕೇ ‘ಟು ಸ್ಕೇಲ್’ ಅನ್ನುವ ಎರಡನೇ ಪರದೆ ಇದೆ, ದಯವಿಟ್ಟು ತೋರಿಸಿ. ಅಲ್ಲಿ ಭೂಮಿಗೂ ಚಂದ್ರನಿಗೂ ನಡುವೆ 30 ಭೂಮಿಗಳನ್ನು ಸಾಲಾಗಿ ಇಡುವಷ್ಟು ಜಾಗ ಇರುವುದು ಕಾಣುತ್ತದೆ. ಸೂರ್ಯ-ಭೂಮಿ ದೃಶ್ಯದಲ್ಲಂತೂ ಭೂಮಿಯನ್ನು ಹುಡುಕಿಕೊಳ್ಳಬೇಕು. ಆ ಖಾಲಿತನ ನೋಡಿ ತರಗತಿಯಲ್ಲಿ ಒಂದು ಕ್ಷಣ ಯಾರೂ ಮಾತಾಡುವುದಿಲ್ಲ.

‘ಮೈ ಸೋಲಾರ್ ಸಿಸ್ಟಮ್’ ಇದರ ಅಣ್ಣ. ನಾಲ್ಕು ಕಾಯಗಳವರೆಗೆ ಇಟ್ಟು, ಪ್ರತಿಯೊಂದಕ್ಕೂ ದ್ರವ್ಯರಾಶಿ, ಜಾಗ, ವೇಗ ಕೊಟ್ಟು ಬಿಡಬಹುದು. ಸಿದ್ಧ ಮಾದರಿಗಳಲ್ಲಿ ‘ಸ್ಲಿಂಗ್‌ಶಾಟ್’ ನೋಡಿ, ದೊಡ್ಡ ಗ್ರಹದ ಪಕ್ಕದಲ್ಲಿ ಹಾದುಹೋಗಿ ವೇಗ ಕದಿಯುವ ತಂತ್ರ, 1977ರಲ್ಲಿ ಹೊರಟ ವಾಯೇಜರ್‌ಗಳು ಗುರು, ಶನಿಗಳ ಬಳಿ ಮಾಡಿದ್ದು. ಮೂರು ಸಮನಾದ ನಕ್ಷತ್ರಗಳನ್ನು ಇಟ್ಟು ಸ್ಥಿರವಾಗಿ ಸುತ್ತಿಸಿ ಅಂತ ಪಂದ್ಯ ಕಟ್ಟಿ ನೋಡಿ. ಎರಡನ್ನು ಸುತ್ತಿಸುವುದು ಸುಲಭ. ಮೂರನೆಯದು ಬಂದ ಕೂಡಲೇ ಸಂಸಾರ ಕೆಡುತ್ತದೆ, ಒಂದು ಯಾವುದೋ ದಿಕ್ಕಿಗೆ ಕಿತ್ತುಕೊಂಡು ಹೋಗುತ್ತದೆ. ವೇಗವನ್ನು ಎಳ್ಳಷ್ಟು ಬದಲಿಸಿದರೆ ಇನ್ನೊಂದೇ ಕಥೆ.

ಇಲ್ಲಿ ಪಿಯು ಮಕ್ಕಳು ಒಂದು ಒಳ್ಳೆಯ ಅನುಮಾನ ಎತ್ತುತ್ತಾರೆ. ಕಂಪ್ಯೂಟರ್ ಹೇಳಿದ್ದು ನಿಜವೇ ಅಂತ ಹೇಗೆ ಗೊತ್ತು? ಮೂರು ಕಾಯಗಳಿಗೆ ಸೂತ್ರ ಹಾಕಿ ಒಂದೇ ಏಟಿಗೆ ಉತ್ತರ ತೆಗೆಯಲು ಸಾಮಾನ್ಯವಾಗಿ ಆಗುವುದಿಲ್ಲ. ಹೀಗಾಗಿ ಇಂಥ ಪ್ರೋಗ್ರಾಂಗಳು ಕಾಲವನ್ನು ಚೂರು ಚೂರು ಮಾಡುತ್ತವೆ. ಈ ಕ್ಷಣದ ಬಲ ಎಷ್ಟು, ಅದರಿಂದ ವೇಗ ಎಷ್ಟು ಬದಲಾಯಿತು, ಆ ವೇಗದಲ್ಲಿ ಎಷ್ಟು ದೂರ ಸರಿಯಿತು, ಮತ್ತೆ ಅದೇ ಲೆಕ್ಕ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬರುವ ಮಕ್ಕಳಿಗೆ ಒಂದು ಗ್ರಹದ ಪ್ರೋಗ್ರಾಂ ಅವರೇ ಬರೆಯಲಿ ಅಂತ ಬಿಡುತ್ತೇನೆ. ಹಳೆಯ ವೇಗದಿಂದಲೇ ಜಾಗ ಸರಿಸಿ, ಆಮೇಲೆ ಹಳೆಯ ಜಾಗದ ಬಲದಿಂದಲೇ ವೇಗ ಬದಲಿಸಿದರೆ ಗ್ರಹ ಸುತ್ತು ಸುತ್ತಿಗೂ ಹೊರಕ್ಕೆ ಸುರುಳಿ ಬಿಚ್ಚುತ್ತಾ ಹೋಗುತ್ತದೆ, ಎಲ್ಲಿಂದಲೋ ಶಕ್ತಿ ಹುಟ್ಟುತ್ತದೆ. ಆ ಎರಡು ಸಾಲುಗಳನ್ನು ಅದಲುಬದಲು ಮಾಡಿ, ಮೊದಲು ವೇಗ ಬದಲಿಸಿ ಹೊಸ ವೇಗದಿಂದ ಜಾಗ ಸರಿಸಿದರೆ ಕಕ್ಷೆ ನೆಟ್ಟಗೆ ನಿಲ್ಲುತ್ತದೆ. ಎರಡೇ ಸಾಲಿನ ಜಾಗ ಬದಲು! ಸ್ಕೇಟ್ ಪಾರ್ಕಿನ ಆ ಅಲ್ಲಾಡದ ಕಂಬದ ಹಿಂದೆ ಯಾರೋ ಇಷ್ಟು ತಲೆ ಕೆಡಿಸಿಕೊಂಡಿದ್ದಾರೆ ಅಂತ ಆಗ ಅರ್ಥವಾಗುತ್ತದೆ. ನನ್ನ ಮಟ್ಟಿಗೆ ಫೆಟ್‌ನಿಂದ ಸಿಕ್ಕ ಅತಿ ದೊಡ್ಡ ಲಾಭ ಇದು, ಅದು ಫೆಟ್ ಒಳಗೆ ಎಲ್ಲೂ ಬರೆದಿಲ್ಲ.

ಕಂಪ್ಯೂಟರ್ ಜೋರಾಗಿದ್ದು ದುಡ್ಡೂ ಇದ್ದರೆ ‘ಯೂನಿವರ್ಸ್ ಸ್ಯಾಂಡ್‌ಬಾಕ್ಸ್’ ಅಂತ ಇನ್ನೊಂದು ಇದೆ, ಗ್ರಹಕ್ಕೆ ಗ್ರಹ ಡಿಕ್ಕಿ ಹೊಡೆಸಬಹುದು, ಕಣ್ಣಿಗೆ ಹಬ್ಬ. ಪಾಠಕ್ಕೆ ಮಾತ್ರ ನನಗೆ ಫೆಟ್‌ನ ಬಡಪಾಯಿ ಚಿತ್ರಗಳೇ ಸಾಕು, ಗಮನ ಬಾಣಗಳ ಮೇಲೆ ಇರುತ್ತದೆ.

ಬಳಸುವ ವಿಷಯಕ್ಕೆ ಬಂದರೆ, ಸಾಧಾರಣ ಮೊಬೈಲಿನ ಬ್ರೌಸರಿನಲ್ಲೂ ನಡೆಯುತ್ತದೆ, ಆದರೆ ಚಿಕ್ಕ ಪರದೆಯಲ್ಲಿ ಬಾಣದ ತುದಿ ಬೆರಳಿಗೆ ಸಿಗುವುದು ಕಷ್ಟ. ಮೊಬೈಲಿಗೆ ಬೇರೆ ಆ್ಯಪ್ ಇದೆ, ಅದಕ್ಕೆ ದುಡ್ಡು ಕೊಡಬೇಕು. ವೆಬ್‌ಸೈಟ್ ಉಚಿತ ಇರುವಾಗ ನನಗೆ ಅದರ ಅಗತ್ಯ ಕಾಣಲಿಲ್ಲ. ಕನ್ನಡದಲ್ಲೂ ಸಿಗುತ್ತವೆ, ಎಲ್ಲವೂ ಅಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದ್ದು ತೆರೆದುಕೊಡಿ, ಗೊತ್ತಿರುವ ಪಾಠದ ಹೆಸರುಗಳೇ ಕಂಡರೆ ಅರ್ಧ ಹೆದರಿಕೆ ಹೋಗುತ್ತದೆ. ಜಾವಾ ಅನ್ನುವ ಹಳೆಯ ತಂತ್ರಜ್ಞಾನದಲ್ಲಿ ಮಾಡಿದವು ಕೆಲವು ಇನ್ನೂ ಪಟ್ಟಿಯಲ್ಲಿವೆ, ಅವನ್ನು ನಂಬಿಕೊಂಡು ಪಾಠ ತಯಾರಿ ಮಾಡಬೇಡಿ, ಎಚ್‌ಟಿಎಂಎಲ್5 (ಬ್ರೌಸರಿನಲ್ಲೇ ನೇರ ನಡೆಯುವಂಥವು) ಅಂತ ಇರುವವನ್ನೇ ಆರಿಸಿ.

ಇಂಟರ್‌ನೆಟ್ ಇಲ್ಲದ ಶಾಲೆಗಳಿಗೂ ದಾರಿ ಇದೆ. ಒಂದೊಂದು ಸಿಮ್ಯುಲೇಶನ್ ಕೂಡ ಒಂದೇ ಫೈಲು, ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ, ಲ್ಯಾಬಿನ ಕಂಪ್ಯೂಟರಿನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಬ್ರೌಸರಿನಲ್ಲಿ ತೆರೆಯುತ್ತದೆ. ಹೀಗೆ ಹಂಚಲು ಅವರ ಲೈಸೆನ್ಸಿನಲ್ಲೇ ಒಪ್ಪಿಗೆ ಇದೆ, ಫೆಟ್ ಹೆಸರು ಹೇಳಿದರಾಯಿತು. ಕೆಲವಕ್ಕೆ ಸೌಂಡ್ ಇದೆ. ಇಡೀ ಲ್ಯಾಬಿನ ಕಂಪ್ಯೂಟರುಗಳಲ್ಲಿ ಒಟ್ಟಿಗೆ ಗ್ರಹ ಡಿಕ್ಕಿ ಹೊಡೆಸುವ ಮೊದಲು ಅದನ್ನು ಆಫ್ ಮಾಡಿಸಿ, ಪಕ್ಕದ ಕ್ಲಾಸಿನವರು ಎದ್ದು ಬರುತ್ತಾರೆ.